ಎರಡು ಬೀಗ

ಕೌಲ್ ಬಜಾರಿನ ನಮ್ಮ ಚರ್ಚಿನ ಬಾಗಿಲಿಗೆ
ಈಗ ಎರಡು ಬೀಗ.
ಒಂದು ಹಳೇ ಕಮಿಟಿಯದು, ಒಂದು ಹೊಸದರದು.
ರಸ್ತೆ ಕಡೆಯ ಆರು ಮಳಿಗೆಗಳ ಬಾಡಿಗೆ ಯಾರ ಕೈಗೆ
ಎಂಬುದು ಧಾರವಾಡದ ಪೀಠದ ಮುಂದಿದೆ.
ಕರ್ತನು ಒಳಗಿದ್ದಾನೋ, ಹೊರಗೇ ಉಳಿದನೋ,
ಎರಡು ಕಡೆಯ ವಕೀಲರೂ ಅರ್ಜಿಯಲ್ಲಿ ಬರೆದಿಲ್ಲ.

ಇಪ್ಪತ್ತೆರಡು ವರ್ಷ ಸಂಡೇ ಸ್ಕೂಲು ನಡೆಸಿದವಳು ನಾನು.
ಬೋರ್ಡಿನ ಮೇಲೆ ಹತ್ತಿಯ ಕುರಿಗಳನ್ನು ಅಂಟಿಸಿ
ಒಂದನ್ನು ಸೆರಗಿನಲ್ಲಿ ಬಚ್ಚಿಡುತ್ತಿದ್ದೆ.
ಎಲ್ಲಿ ಹೋಯ್ತು ಅಂದರೆ ಸಾಕು,
ಮಕ್ಕಳು ಬೆಂಚಿನ ಕೆಳಗೆಲ್ಲ ತೂರಿ ಹುಡುಕುತ್ತಿದ್ದವು,
ಮಂಡಿ ತುಂಬ ಧೂಳು.
ಸಿಕ್ಕೇ ಸಿಗುತ್ತದೆಂದು ನನಗೆ ಮಾತ್ರ ಗೊತ್ತಿತ್ತು.

ಈಗ ನನಗೂ ಗೊತ್ತಿಲ್ಲ.

ವಾರವೆಲ್ಲ ಜೀನ್ಸ್ ಹೊಲಿಗೆ.
ಬೆಳಕು ಹರಿಯುವ ಮೊದಲೇ ಕಟಿಂಗ್ ಮೂಟೆ ಬಂದು ಬೀಳುತ್ತದೆ,
ಜೇಬಿಗಿಷ್ಟು, ಜಿಪ್ಪಿಗಿಷ್ಟು, ಪೀಸಿನ ಲೆಕ್ಕ.
ಉಗುರಿನ ಸಂದಿಗೆ ಇಳಿದ ನೀಲಿ
ಸೋಪಿಗೂ ಹೋಗದು, ಸೀಗೆಪುಡಿಗೂ ಹೋಗದು.
ರಾತ್ರಿ ಮೊಣಕಾಲೂರಿ ತಂದೆಯೇ ಅನ್ನುತ್ತೇನೆ,
ಅಲ್ಲಿಗೇ ನಿದ್ದೆ.
ಮುಂದಿನ ಬೇಡಿಕೆಗಳೆಲ್ಲ ಬಾಕಿ.

ಬಾಕಿ ಅಂದರೆ ನೆನಪಾಗುತ್ತದೆ.
ನನ್ನ ತಮ್ಮ ಜ್ಞಾನಮಿತ್ರ ತೀರಿಕೊಂಡದ್ದು ಮೇ ತಿಂಗಳಲ್ಲಿ.
ಬಳ್ಳಾರಿಯ ಮೇ.
ಐಸಿನ ಗಡ್ಡೆ ಕರಗಿ ಹೊಸ್ತಿಲು ದಾಟಿ ಗಟಾರಕ್ಕೆ ಹರಿಯುತ್ತಿತ್ತು,
ಖಜಾಂಚಿ ವಿನಯರಾಜ್ ಪುಸ್ತಕ ತಿರುವುತ್ತಿದ್ದರು:
ಹದಿನಾಲ್ಕು ತಿಂಗಳ ಚಂದಾ ಕಟ್ಟಿಲ್ಲ,
ರಸೀದಿಯಿಲ್ಲದೆ ಸಮಾಧಿಗೆ ಜಾಗ ಬರೆಯುವುದು ಹೇಗೆ?
ಹಿಂದಿನ ಭಾನುವಾರವಷ್ಟೇ ಅಯ್ಯನವರು
ಲಾಜರನ ಮೇಲೆ ಮುಕ್ಕಾಲು ಗಂಟೆ ಮಾತಾಡಿದ್ದರು.
ಅಂದು ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು.

ಕಿವಿಯೋಲೆ ಅಡವಿಟ್ಟೆ. ಜಾಗ ಸಿಕ್ಕಿತು.
ರಸೀದಿ ಇನ್ನೂ ಇದೆ, ಸತ್ಯವೇದದೊಳಗೆ,
ಯಾವ ಪುಟದಲ್ಲೆಂದು ಕೇಳಬೇಡಿ.

ಬಿಟ್ಟುಬಿಡು ಅಂದರು ನನ್ನ ಮಿಷಿನ್ ಪಕ್ಕದ ಮಮ್ತಾಜ್,
ಅಷ್ಟು ನೋವಿದ್ದರೆ.
ಬಿಡಲೆಂದೇ ಕೂತೆ ಒಂದು ಮಧ್ಯಾಹ್ನ.
ಸೂಜಿ ಬೆರಳಿನ ಈ ಕಡೆ ಹೊಕ್ಕು ಆ ಕಡೆ ಬಂತು.
ಹಲ್ಲು ಕಚ್ಚಿ ಚಕ್ರವನ್ನು ಹಿಂದಕ್ಕೆ ತಿರುವುವಾಗ ನೆನಪಾದವನು ತೋಮ.
ಅವನು ಗಾಯದಲ್ಲಿ ಬೆರಳಿಡಬೇಕೆಂದ.
ನನ್ನ ಬೆರಳೇ ಗಾಯ,
ಇಡಲು ಎದುರಿಗೆ ಯಾರೂ ಇರಲಿಲ್ಲ.
ಆದರೂ ಬಾಯಿಂದ ಬಿದ್ದದ್ದು ಆ ಹೆಸರೇ.
ಅಭ್ಯಾಸವಿರಬಹುದು.
ಅಭ್ಯಾಸವೇ ಇರಲಿ.

ಬೀಗ ಬೀಳುವ ಹಿಂದಿನ ದಿನ
ಕರ್ತನ ಭೋಜನದ ಸಣ್ಣ ಲೋಟಗಳು ತೊಳೆಯಲೆಂದು ನನ್ನ ಮನೆಗೆ ಬಂದಿದ್ದವು.
ಮೂವತ್ತಾರು. ಒಂದರ ಅಂಚು ಒಡೆದಿದೆ.
ಯಾವ ಕಮಿಟಿಗೂ ಅವುಗಳ ನೆನಪಿಲ್ಲ.
ಶನಿವಾರ ಶನಿವಾರ ತೊಳೆಯುತ್ತೇನೆ,
ಯಾರ ತುಟಿಯೂ ತಾಗದವನ್ನು,
ಟ್ಯಾಂಕರಿನ ನೀರಿನಲ್ಲಿ, ನೀರಿಲ್ಲದಿದ್ದರೆ ಒರೆಸಿ.

ಭಾನುವಾರ ಹೋಗುತ್ತೇನೆ,
ಹನ್ನಮ್ಮನನ್ನು ರಸ್ತೆ ದಾಟಿಸಲು.
ಅವಳಿಗೆ ಎರಡೂ ಕಣ್ಣಿಲ್ಲ, ಬೀಗ ಕಾಣದು.
ಬಾಗ್ಲು ತೆಗೆದ್ರೇನವ್ವಾ?
ಇಲ್ಲಬೇ.
ಹೌದಾ. ಕುಂದ್ರಾಣ ಬಾ.
ಮೆಟ್ಟಿಲ ಮೇಲೆ ಕೂತು ತುಟಿ ಆಡಿಸುತ್ತಾಳೆ, ಸದ್ದಿಲ್ಲದೆ.
ನಾನು ಲಾರಿಗಳನ್ನು ನೋಡುತ್ತೇನೆ.

ಮೊನ್ನೆ ನೀರು ಕೇಳಿದಳು.
ಬಾಟಲಿಯ ಬಾಯಿ ಅವಳ ನಡುಗುವ ಕೈಗೆ ನಿಲ್ಲದು.
ಚೀಲದಲ್ಲಿ ಆ ಲೋಟಗಳ ಡಬ್ಬಿಯಿತ್ತು, ಯಾಕಿತ್ತೋ ತಿಳಿಯದು,
ವಿನಯರಾಜರ ಮನೆಗೆ ಎಸೆದು ಬರಲೆಂದೇ ತಂದಿದ್ದೆನೇನೋ.
ಒಂದನ್ನು ತುಂಬಿ ಕೊಟ್ಟೆ.
ಗುಟುಕಿಗೇ ಮುಗಿಯಿತು.
ಇದೆಂಥ ಲೋಟವೇ, ಗುಬ್ಬಿಗೆ ಮಾಡಿದ್ದಾ? ಅಂದಳು, ಇನ್ನೊಂದು ಕೊಡು.
ತುಂಬಿದೆ. ಇನ್ನೊಂದು. ಮತ್ತೂ ಒಂದು.
ಒಂಬತ್ತು ಕುಡಿದು ಬಾಯಿ ಒರೆಸಿಕೊಂಡಳು.

ಅಂಚು ಒಡೆದದ್ದು ನನ್ನ ಕೈಯಲ್ಲಿತ್ತು.
ತುಟಿ ಕೊಯ್ಯದಂತೆ ತಿರುಗಿಸಿ
ನಾನೂ ಕುಡಿದೆ.